ಗಂಡ ಬಿಟ್ಟುಹೋದ ಹೆಣ್ಣುಮಗಳು ಮತ್ತು 1939ರ ಕಾಯಿದೆ

ಕಳೆದ ಜುಮಾ ಖುತ್ಬಾದಲ್ಲಿ ನಿಕಾಹ್‌ನ ಹೊಣೆಗಳ ಬಗ್ಗೆ ಮಾತಾಡಿದ್ದೆವು. ನಮಾಝ್ ಮುಗಿದ ಮೇಲೆ ಒಬ್ಬ ತಂದೆ ಕೇಳಿದರು: "ಹಝ್ರತ್, ಅಳಿಯ ಮಗಳನ್ನು ಬಿಟ್ಟುಹೋಗಿ ಮೂರು ವರ್ಷವಾಯಿತು. ತಲಾಕ್ ಕೊಡುವುದಿಲ್ಲ, ಖರ್ಚಿಗೂ ಕಳಿಸುವುದಿಲ್ಲ. ಅವಳು ಕೋರ್ಟಿಗೆ ಹೋದರೆ ದೀನಿಗೆ ವಿರುದ್ಧವೇ?"

ಅಲ್ಲ. ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆ ಬಂದದ್ದೇ ಇಂಥ ಹೆಣ್ಣುಮಕ್ಕಳಿಗಾಗಿ. ಹನಫಿ ಫಿಕ್ಹ್‌ನಲ್ಲಿ ಹೆಂಡತಿಗೆ ಬಿಡುಗಡೆಯ ದಾರಿಯಿಲ್ಲದೆ ಅಸಂಖ್ಯ ಮುಸ್ಲಿಂ ಸ್ತ್ರೀಯರು ಸಂಕಟಪಡುತ್ತಿದ್ದಾರೆ, ಹೀಗೆ ಕಷ್ಟವಾದಲ್ಲಿ ಮಾಲಿಕಿ, ಶಾಫಿಈ, ಹಂಬಲಿ ಮಝ್‌ಹಬ್‌ಗಳಂತೆ ನಡೆಯಬಹುದೆಂದು ಹನಫಿ ಫಕೀಹರೇ ಹೇಳಿದ್ದಾರೆ ಎಂದು ಅದರ ಉದ್ದೇಶಗಳ ಹೇಳಿಕೆಯಲ್ಲೇ ಇದೆ. ಮೌಲಾನಾ ಅಶ್ರಫ್ ಅಲಿ ಥಾನ್ವಿಯವರು ಅದಕ್ಕೂ ಮೊದಲೇ ಈ ಕುರಿತು ಕಿತಾಬ್ ಬರೆದಿದ್ದರು. ವಿಚಾರಣೆ ಮುಸ್ಲಿಂ ನ್ಯಾಯಾಧೀಶರ ಮುಂದೆಯೇ ಆಗಬೇಕೆಂಬ ಉಲಮಾಗಳ ಬೇಡಿಕೆ ಮಾತ್ರ ಕಾಯಿದೆಯಲ್ಲಿ ಉಳಿಯಲಿಲ್ಲ. ಕೆಲವರ ಅಳುಕು ಅಲ್ಲಿಂದಲೇ ಬಂದದ್ದು. ಅಂಥವರು ಖಾಝಿಯವರನ್ನೂ ಕಾಣಲಿ.

ಎರಡು ವರ್ಷ ಜೀವನಾಂಶ ಕೊಡದಿದ್ದರೆ, ನಾಲ್ಕು ವರ್ಷ ಗಂಡನ ಸುಳಿವೇ ಇಲ್ಲದಿದ್ದರೆ, ಏಳು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾಗಿದ್ದರೆ ಹೆಂಡತಿ ವಿಸರ್ಜನೆ ಕೇಳಬಹುದು. ಕ್ರೌರ್ಯವೂ ಒಂದು ಕಾರಣ. ಕ್ರೌರ್ಯವೆಂದರೆ ಹೊಡೆತವಷ್ಟೇ ಎಂದುಕೊಳ್ಳಬೇಡಿ. ಅವಳ ಆಸ್ತಿಯನ್ನು ಮಾರುವುದು, ಇಬಾದತ್‌ಗೆ ಅಡ್ಡಿಪಡಿಸುವುದು, ಒಬ್ಬರಿಗಿಂತ ಹೆಚ್ಚು ಹೆಂಡಿರಿದ್ದು ಕುರ್‌ಆನಿನ ಆದೇಶದಂತೆ ಸಮಾನವಾಗಿ ನೋಡಿಕೊಳ್ಳದಿರುವುದು, ಇವೂ ಆ ಪಟ್ಟಿಯಲ್ಲಿವೆ.

ಆ ತಂದೆಗೆ ನಾವು ಹೇಳಿದ್ದು ಇಷ್ಟು: ಮಗಳಿಗೆ ಎರಡು ವರ್ಷದ ಕಾರಣವೇ ಸಾಕು. ಮೊದಲು ನಿಕಾಹ್‌ನಾಮಾ ಹುಡುಕಿ ಇಡಿ. ಕೋರ್ಟಿಗೆ ಹೋದವಳು ಮಹ್ರ್ ಬಿಡಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಹಕ್ಕಿಗೆ ಈ ಕಾಯಿದೆಯಿಂದ ಧಕ್ಕೆಯಿಲ್ಲವೆಂದು ಐದನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ.