ಜಾಲತಾಣ: ಅಂದಕ್ಕಿಂತ ಮೊದಲು ಒಡೆತನ

ವ್ಯಾಪಾರಸ್ಥನು ಅಂಗಡಿಗೆ ಜಾಗ ಕೊಳ್ಳುವಾಗ ಮೊದಲು ಕಾಗದಪತ್ರಗಳನ್ನು ನೋಡುತ್ತಾನೆ. ಬಣ್ಣ, ಫಲಕ, ಕಪಾಟುಗಳ ಮಾತು ಅನಂತರದ್ದು. ಅದೇ ವ್ಯಾಪಾರಸ್ಥನು ಅಂತರ್ಜಾಲದಲ್ಲಿ ತನ್ನ ಸಂಸ್ಥೆಗೆ ಜಾಲತಾಣ ಮಾಡಿಸುವಾಗ ಈ ಕ್ರಮವನ್ನು ತಿರುವುಮುರುವು ಮಾಡುತ್ತಾನೆ. ಮುಖಪುಟಕ್ಕೆ ಯಾವ ಬಣ್ಣ, ಚಿತ್ರಗಳು ಚಲಿಸಬೇಕೇ, ಲಾಂಛನ ಎಷ್ಟು ದೊಡ್ಡದಿರಬೇಕು ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಆ ತಾಣ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಕೇಳುವವರು ವಿರಳ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಂಥ ಊರುಗಳ ಸಣ್ಣ ಉದ್ದಿಮೆದಾರರೂ ಇಂದು ಜಾಲತಾಣ ಹೊಂದುತ್ತಿರುವುದರಿಂದ, ಅದರ ವಿನ್ಯಾಸದ ಕುರಿತು ಲೆಕ್ಕಪರಿಶೋಧಕನ ದೃಷ್ಟಿಯಿಂದ ಕೆಲವು ವಿಚಾರಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದು ಅನುಭವ

ಅಣ್ಣಿಗೇರಿ ಭಾಗದ ಬೇಳೆ ತಯಾರಕರೊಬ್ಬರು ನಮ್ಮ ಕಕ್ಷಿದಾರರು. ಅವರು ಸುಮಾರು 40,000 ರೂಪಾಯಿ ವೆಚ್ಚದಲ್ಲಿ ಜಾಲತಾಣ ಮಾಡಿಸಿ, ಅದರ ವಿಳಾಸವನ್ನೂ ಅದೇ ಹೆಸರಿನ ಇ-ಮೇಲ್ ವಿಳಾಸವನ್ನೂ ಚೀಲಗಳ ಮೇಲೆ ಅಚ್ಚು ಹಾಕಿಸಿದ್ದರು. ಮೂರು ವರ್ಷ ಎಲ್ಲವೂ ಸರಿಯಾಗಿತ್ತು. ನಾಲ್ಕನೆಯ ವರ್ಷ ಮಹಾರಾಷ್ಟ್ರದ ಖರೀದಿದಾರರೊಬ್ಬರು ದೂರವಾಣಿ ಮಾಡಿ, ‘ಮೂರು ಸಲ ಪತ್ರ ಬರೆದರೂ ಉತ್ತರವಿಲ್ಲ, ಬೇರೆ ಕಡೆ ಮಾಲು ತೆಗೆದುಕೊಂಡೆವು’ ಎಂದರು. ವಿಚಾರಿಸಿದಾಗ ತಿಳಿದದ್ದಿಷ್ಟು: ತಾಣದ ಹೆಸರನ್ನು ವಿನ್ಯಾಸಕಾರನು ತನ್ನ ಸ್ವಂತ ಹೆಸರಿನಲ್ಲಿ, ತನ್ನ ಸ್ವಂತ ಇ-ಮೇಲ್ ವಿಳಾಸ ಕೊಟ್ಟು ನೋಂದಾಯಿಸಿದ್ದ. ಅನಂತರ ಆತ ಬೇರೆ ಊರಿಗೆ ಹೋಗಿ ಬೇರೆ ಉದ್ಯೋಗ ಹಿಡಿದಿದ್ದ. ನವೀಕರಣದ ಸೂಚನೆಗಳೆಲ್ಲ ಅವನಿಗೇ ಹೋಗಿದ್ದವು. ಅವಧಿ ಮುಗಿದ ಹೆಸರನ್ನು ಅಪರಿಚಿತನೊಬ್ಬ ಕೊಂಡು, ಹಿಂದಿರುಗಿಸಲು ಡಾಲರುಗಳಲ್ಲಿ ಬೆಲೆ ಹೇಳುತ್ತಿದ್ದ.

ಈ ವೆಚ್ಚದ ವೋಚರನ್ನು ನಾನು ಪ್ರತಿವರ್ಷ ನೋಡಿದ್ದೆ. ಬಿಲ್ಲು ಸರಿಯಿತ್ತು, ಪಾವತಿ ಬ್ಯಾಂಕಿನ ಮೂಲಕ ಆಗಿತ್ತು. ಯಂತ್ರ ಕೊಂಡಿದ್ದರೆ ಅದು ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂದು ಕೇಳುತ್ತಿದ್ದೆ. ಜಾಲತಾಣದ ವಿಷಯದಲ್ಲಿ ಕೇಳಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಹೆಸರು ಯಾರದು?

ಜಾಲತಾಣದ ವಿಳಾಸವನ್ನು ಡೊಮೇನ್ ಹೆಸರು ಎನ್ನುತ್ತಾರೆ. ಇದು ಶಾಶ್ವತ ಖರೀದಿಯಲ್ಲ. ಒಂದರಿಂದ ಹತ್ತು ವರ್ಷಗಳ ಅವಧಿಗೆ ಪಡೆಯುವ ನೋಂದಣಿ. ‘ಡಾಟ್ ಕಾಂ’ ಹೆಸರುಗಳಲ್ಲಿ ಅವಧಿ ಮುಗಿದ ಮೇಲೆ ನೋಂದಣಿ ಸಂಸ್ಥೆಯ ನಿಯಮದಂತೆ ಗರಿಷ್ಠ 45 ದಿನಗಳ ರಿಯಾಯಿತಿ ಇರಬಹುದು. ಹೆಸರು ರದ್ದಾದ ಬಳಿಕವೂ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನಗಳ ಅವಕಾಶವಿದೆ. ಅದೂ ಕಳೆದರೆ ಹೆಸರು ಯಾರಿಗಾದರೂ ದೊರೆಯುತ್ತದೆ. ಭಾರತದ ‘ಡಾಟ್ ಇನ್’ ಹೆಸರುಗಳು 2005ರಿಂದ ಸಾರ್ವಜನಿಕರಿಗೆ ಸುಲಭವಾಗಿ ಸಿಗುತ್ತಿದ್ದು, ಅವುಗಳ ಆಡಳಿತವನ್ನು ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ.

ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ, ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯ ಲಕ್ಷಣಗಳಿರುವುದರಿಂದ ಅದಕ್ಕೆ ಕಾನೂನಿನ ರಕ್ಷಣೆ ಉಂಟೆಂದು ತೀರ್ಪಿತ್ತಿದೆ. ಡಾಟ್ ಇನ್ ಹೆಸರುಗಳ ವಿವಾದಕ್ಕೆ ಪಂಚಾಯ್ತಿ ವ್ಯವಸ್ಥೆಯೂ ಇದೆ. ಆದರೆ ಹಕ್ಕು ಸಾಧಿಸಲು ಹೆಸರಿನ ಹಿಂದಿನ ಬಳಕೆಯನ್ನೂ ಎದುರಾಳಿಯ ದುರುದ್ದೇಶವನ್ನೂ ದಾಖಲೆ ಸಮೇತ ತೋರಿಸಬೇಕು. ನಮ್ಮ ಕಕ್ಷಿದಾರರು ವ್ಯಾಪಾರ ಚಿಹ್ನೆ ನೋಂದಾಯಿಸಿರಲಿಲ್ಲ. ವಕೀಲರ ಖರ್ಚು ಲೆಕ್ಕ ಹಾಕಿ, ಹೊಸ ಹೆಸರನ್ನು ತಮ್ಮ ಸಂಸ್ಥೆಯ ಹೆಸರಿನಲ್ಲಿ ಪಡೆದರು. ಉಳಿದ ಚೀಲಗಳ ಮೇಲೆ ಚೀಟಿ ಅಂಟಿಸಿದರು. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುವ ನವೀಕರಣ ತಪ್ಪಿದ್ದರಿಂದ ಆದ ನಷ್ಟವಿದು.

ವಿನ್ಯಾಸದ ಹಕ್ಕು ಯಾರದು?

‘ಹಣ ಕೊಟ್ಟಿದ್ದೇನೆ, ಆದ್ದರಿಂದ ವಿನ್ಯಾಸ ನನ್ನದು’ ಎಂಬ ಭಾವನೆ ಸಾಮಾನ್ಯ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನು. ಸಂಬಳದ ನೌಕರನು ಕೆಲಸದ ಭಾಗವಾಗಿ ರಚಿಸಿದ್ದು ಸಾಮಾನ್ಯವಾಗಿ ಮಾಲೀಕನಿಗೆ ಸೇರುತ್ತದೆ. ಹೊರಗಿನ ವಿನ್ಯಾಸಕಾರನಿಂದ ಮಾಡಿಸಿದ ತಾಣದ ವಿನ್ಯಾಸ, ಬರಹ, ಸಂಕೇತಭಾಷೆ ಇವು ಲಿಖಿತ ಕರಾರಿಲ್ಲದಿದ್ದರೆ ಅವನ ಸ್ವತ್ತಾಗಿಯೇ ಉಳಿಯಬಹುದು. 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ವರ್ಗಾವಣೆ ಐದು ವರ್ಷಗಳಿಗೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಭಾವಿಸಲಾಗುತ್ತದೆ. ಒಂದು ಪುಟದ ಕರಾರಿನಲ್ಲಿ ಈ ಎರಡು ಸಾಲುಗಳನ್ನು ಸೇರಿಸಲು ಯಾವ ಖರ್ಚೂ ಇಲ್ಲ.

ಬದಲಾಗುವ ರೂಢಿಗಳು

ವಿನ್ಯಾಸಕಾರರ ನಿತ್ಯದ ಮಾತುಗಳಲ್ಲಿ ‘ಈಗ ಇದು ಚಾಲ್ತಿಯಲ್ಲಿದೆ’ ಎಂಬುದು ಮತ್ತೆ ಮತ್ತೆ ಕೇಳಿಬರುತ್ತದೆ. ಈ ಚಾಲ್ತಿಯ ಆಯುಷ್ಯವೆಷ್ಟು ಎಂಬುದನ್ನು ವ್ಯಾಪಾರಸ್ಥನು ವಿಚಾರಿಸಬೇಕು. ಇಪ್ಪತ್ತು ವರ್ಷಗಳ ಹಿಂದೆ ಫ್ಲ್ಯಾಶ್ ತಂತ್ರಾಂಶದಿಂದ ಕುಣಿಯುವ ಮುಖಪುಟ ಮಾಡಿಸುವುದು ಪ್ರತಿಷ್ಠೆಯ ವಿಷಯವಾಗಿತ್ತು. ಆ ತಂತ್ರಾಂಶಕ್ಕೆ 2020ರ ಡಿಸೆಂಬರ್ 31ರಂದು ಅದರ ಒಡೆಯ ಸಂಸ್ಥೆಯೇ ಬೆಂಬಲ ನಿಲ್ಲಿಸಿತು. ಅದನ್ನೇ ನೆಚ್ಚಿದ್ದ ಪುಟಗಳು ಖಾಲಿಯಾದವು. 2010ರಲ್ಲಿ ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್ ಅವರು, ಪರದೆಯ ಅಳತೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಪುಟದ ಕಲ್ಪನೆಗೆ ಒಂದು ಹೆಸರು ಕೊಟ್ಟರು. ಅದು ಮಾತ್ರ ಉಳಿಯಿತು. ಏಕೆಂದರೆ ಗ್ರಾಹಕನು ಮೇಜಿನ ಗಣಕಯಂತ್ರವನ್ನು ಬಿಟ್ಟು ಕೈಯೊಳಗಿನ ಮೊಬೈಲಿಗೆ ಬಂದಿದ್ದ. ಗ್ರಾಹಕನ ಅನುಕೂಲಕ್ಕಾಗಿ ಹುಟ್ಟಿದ ರೂಢಿ ಬಾಳುತ್ತದೆ; ನೋಡುವವರ ಬೆರಗಿಗಾಗಿ ಹುಟ್ಟಿದ್ದು ಅಳಿಯುತ್ತದೆ.

ಇನ್ನೊಂದು ರೂಢಿ, ಉಚಿತ ಪುಟಗಳದು. ಗೂಗಲ್ ಸಂಸ್ಥೆಯು ಸಣ್ಣ ಅಂಗಡಿಗಳಿಗೆ ತನ್ನ ವ್ಯಾಪಾರ ಖಾತೆಯ ಮೂಲಕ ಉಚಿತ ಜಾಲತಾಣ ಒದಗಿಸುತ್ತಿತ್ತು. 2024ರ ಮಾರ್ಚ್ ತಿಂಗಳಲ್ಲಿ ಆ ತಾಣಗಳನ್ನೆಲ್ಲ ಮುಚ್ಚಲಾಯಿತು. ಟಿಕ್‌ಟಾಕ್ ಮೂಲಕ ಪ್ರಚಾರ ಮಾಡುತ್ತಿದ್ದವರ ಗಿರಾಕಿಗಳು 2020ರ ಜೂನ್ 29ರ ನಿಷೇಧದೊಂದಿಗೆ ಕೈತಪ್ಪಿದರು. ಇಂಥ ಸೌಲಭ್ಯಗಳನ್ನು ಬಳಸಬಾರದೆಂದಲ್ಲ. 2018ರಲ್ಲಿ ಬಂದ ವಾಟ್ಸ್‌ಆ್ಯಪ್‌ನ ವ್ಯಾಪಾರ ಆವೃತ್ತಿ ಅನೇಕರಿಗೆ ನಿಜಕ್ಕೂ ನೆರವಾಗಿದೆ. ಆದರೆ ಅವು ಸಂತೆಯ ಜಾಗವಿದ್ದಂತೆ. ಸಂತೆ ಎದ್ದರೆ ಅಂಗಡಿಯೂ ಏಳಬೇಕು. ಸ್ವಂತ ಹೆಸರಿನ ತಾಣವೊಂದು ಹಿಂದಿದ್ದರೆ ಗಿರಾಕಿಗೆ ಮರಳಿ ಬರುವ ದಾರಿ ಇರುತ್ತದೆ.

ಒಳ್ಳೆಯ ವಿನ್ಯಾಸ ಎಂದರೇನು?

ಅಪರಿಚಿತನೊಬ್ಬ ಖಾತೆ ಪುಸ್ತಕ ತೆರೆದಾಗ ತನಗೆ ಬೇಕಾದ ಬಾಕಿಯನ್ನು ತಾನೇ ಕಂಡುಕೊಳ್ಳುವಂತಿದ್ದರೆ ಆ ಲೆಕ್ಕ ಚೆನ್ನಾಗಿದೆ ಎನ್ನುತ್ತೇವೆ. ಜಾಲತಾಣಕ್ಕೂ ಇದೇ ಅಳತೆಗೋಲು. ಕುಂದಗೋಳ ಭಾಗದ ಮೆಣಸಿನಕಾಯಿ ವ್ಯಾಪಾರವನ್ನು ತೆಗೆದುಕೊಳ್ಳೋಣ. ಕೆಂಪು ಮೆಣಸಿನಕಾಯಿಯ ಚಿತ್ರ ಪುಟದ ತುಂಬ ಇದ್ದರೆ ನೋಡಲು ಚೆನ್ನ. ಆದರೆ ದೂರದ ಖರೀದಿದಾರನ ಪ್ರಶ್ನೆಗಳೇ ಬೇರೆ: ಬ್ಯಾಡಗಿ ಡಬ್ಬಿಯೋ ಕಡ್ಡಿಯೋ? ತೊಟ್ಟು ಸಹಿತವೋ, ತೆಗೆದದ್ದೋ? ತೇವಾಂಶವೆಷ್ಟು? ಬಣ್ಣದ ಪ್ರಮಾಣ ಎಷ್ಟು ಆಸ್ಟಾ? ಈ ವರ್ಷದ ಮಾಲೋ, ಶೀತಲಗೃಹದ್ದೋ? ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣಕ್ಕಾಗಿಯೇ ಬೇಡಿಕೆಯಿರುವಾಗ, ಆ ಅಂಕಿಯಿಲ್ಲದ ಪುಟ ಬೆಲೆಪಟ್ಟಿಯಿಲ್ಲದ ಅಂಗಡಿಯಂತೆ.

ಕಲಘಟಗಿಯ ಬಣ್ಣದ ತೊಟ್ಟಿಲುಗಳದು ಇದಕ್ಕಿಂತ ಭಿನ್ನವಾದ ವ್ಯಾಪಾರ. ಚಿತ್ರನಟ ಅಂಬರೀಷ್ ಅವರು ತಮ್ಮ ನಿಧನಕ್ಕೆ ಮುನ್ನ ನಟ ಯಶ್ ದಂಪತಿಯ ಮಗುವಿಗಾಗಿ ಅಲ್ಲಿ ತೊಟ್ಟಿಲು ಮಾಡಲು ಹೇಳಿದ್ದ ಸುದ್ದಿ 2019ರಲ್ಲಿ ನಾಡಿನಾದ್ಯಂತ ಹರಡಿತು. ಇಂಥ ಸುದ್ದಿ ಓದಿದವರು ಮರುಕ್ಷಣ ಮೊಬೈಲಿನಲ್ಲಿ ಹುಡುಕುತ್ತಾರೆ. ಅವರಿಗೆ ಬೇಕಾದದ್ದು ತೊಟ್ಟಿಲಿನ ಅಳತೆ, ಮರದ ಜಾತಿ, ತೂಗುಹಾಕುವುದೋ ನಿಲುವಿನದೋ ಎಂಬ ವಿವರ, ತಯಾರಿಸಲು ಬೇಕಾದ ವಾರಗಳು, ಸಾಗಣೆಯ ವ್ಯವಸ್ಥೆ. ಕುಶಲಕರ್ಮಿಯ ಕೈಯಲ್ಲಿ ತಿಂಗಳಿಗೆ ಎಷ್ಟು ತೊಟ್ಟಿಲು ಸಾಧ್ಯವೆಂಬುದನ್ನು ಪುಟದಲ್ಲೇ ಹೇಳಿದರೆ ಪೂರೈಸಲಾಗದ ಬೇಡಿಕೆಯ ಮುಜುಗರವೂ ತಪ್ಪುತ್ತದೆ.

ನವಲಗುಂದದ ಜಮಖಾನಕ್ಕೂ ಬ್ಯಾಡಗಿ ಮೆಣಸಿನಕಾಯಿಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಹಾಗೆಂದು ಯಾರು ಬೇಕಾದರೂ ತಮ್ಮ ತಾಣದಲ್ಲಿ ಆ ಮಾನ್ಯತೆಯನ್ನು ಹೇಳಿಕೊಳ್ಳಲಾಗದು. 1999ರ ಅಧಿನಿಯಮದಂತೆ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರಿಗೆ ಮಾತ್ರ ಆ ಹಕ್ಕು. ವಿನ್ಯಾಸಕಾರನು ಅಂದಕ್ಕಾಗಿ ಲಾಂಛನವನ್ನು ಸೇರಿಸಿಬಿಟ್ಟಿದ್ದರೂ ಉತ್ತರ ಹೇಳಬೇಕಾದವನು ವ್ಯಾಪಾರಸ್ಥನೇ.

ಕನ್ನಡ ಅಕ್ಷರ ಮತ್ತು ಊರಿನ ಹೆಸರು

ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ವನ್ನು ಅಂತರ್ಜಾಲಕ್ಕೆ ತಂದ ಕಾಲದಲ್ಲಿ ಕನ್ನಡ ಮೂಡಿಸುವುದೇ ಸಾಹಸವಾಗಿತ್ತು. ಇಂದು ಯುನಿಕೋಡ್‌ನಿಂದಾಗಿ ಆ ತೊಡಕಿಲ್ಲ. ಆದರೂ ನಮ್ಮ ಮುದ್ರಣಾಲಯಗಳಲ್ಲಿ ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪ್ರತಿಯನ್ನೇ ವಿನ್ಯಾಸಕಾರನಿಗೆ ಕಳಿಸುವ ರೂಢಿಯಿದೆ. ಅದು ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದರಿಂದ ಆತ ಅದನ್ನು ಚಿತ್ರವಾಗಿ ಮಾಡಿ ಅಂಟಿಸುತ್ತಾನೆ. ಕಣ್ಣಿಗೆ ಅದು ಕನ್ನಡ; ಹುಡುಕುವ ಯಂತ್ರಕ್ಕೆ ಬರೀ ಒಂದು ಚಿತ್ರ. ಚಿತ್ರದಲ್ಲಿರುವ ದೂರವಾಣಿ ಸಂಖ್ಯೆಯನ್ನು ಒತ್ತಿದರೆ ಕರೆಯೂ ಹೋಗುವುದಿಲ್ಲ. ನುಡಿಯಿಂದ ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ; ಪರಿವರ್ತನೆಯ ಬಳಿಕ ಒತ್ತಕ್ಷರಗಳನ್ನು ಒಮ್ಮೆ ತಿದ್ದಿ ನೋಡಬೇಕು.

ಇನ್ನು ಊರಿನ ಹೆಸರು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಮ್ಮ ನಗರ ಹುಬ್ಬಳ್ಳಿ. ಆದರೆ ಹೊರರಾಜ್ಯದ ಹಳೆಯ ವ್ಯಾಪಾರಿ ಇಂದಿಗೂ ‘ಹುಬ್ಲಿ’ ಎಂದೇ ಹುಡುಕುತ್ತಾನೆ. ಬ್ಯಾಡಗಿ, ಕಲಘಟಗಿ, ಕುಂದಗೋಳಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಬಗೆಯಾಗಿ ಬರೆಯುತ್ತಾರೆ. ಜಮಖಾನಕ್ಕೆ ಉತ್ತರ ಭಾರತದವರು ‘ದರಿ’ ಎನ್ನುತ್ತಾರೆ. ಈ ರೂಪಗಳೆಲ್ಲ ಪುಟದ ಬರಹದಲ್ಲಿ ಸಹಜವಾಗಿ ಒಂದೊಂದು ಸಲ ಬಂದಿರಲಿ.

ವಿನ್ಯಾಸವೂ ಕಾನೂನೂ

ಇತ್ತೀಚಿನ ರೂಢಿಗಳಲ್ಲಿ ಕೆಲವು ಕಾನೂನುಬಾಹಿರವೂ ಹೌದು. ‘ಎರಡೇ ಉಳಿದಿವೆ, ಬೇಗ ಕೊಳ್ಳಿ’ ಎಂಬ ಸುಳ್ಳು ಅವಸರ, ಗ್ರಾಹಕನು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಹಂತದಲ್ಲಿ ಹೊಸ ಶುಲ್ಕ ತೋರಿಸುವುದು ಇವೆಲ್ಲ ‘ಡಾರ್ಕ್ ಪ್ಯಾಟರ್ನ್’ ಎನಿಸಿಕೊಳ್ಳುತ್ತವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಸಿದ್ಧ ಮಾದರಿಗಳಲ್ಲಿ ಇವು ಮೊದಲೇ ಸೇರಿರುತ್ತವೆ. ತೆಗೆಸುವುದು ನಮ್ಮ ಹೊಣೆ. ಪೊಟ್ಟಣ ಕಟ್ಟಿದ ಸರಕನ್ನು ತಾಣದಲ್ಲಿ ಮಾರುವವರು ತಯಾರಕರ ಹೆಸರು ಮತ್ತು ವಿಳಾಸ, ಸರಕಿನ ಹೆಸರು, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮುಂತಾದವನ್ನು ಪುಟದಲ್ಲೇ ತೋರಿಸಬೇಕೆಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ.

ಲೆಕ್ಕಪತ್ರದ ದೃಷ್ಟಿ

ನೋಂದಾಯಿತ ವಿನ್ಯಾಸಕಾರನ ಸೇವೆಗೆ ಶೇಕಡಾ 18ರಷ್ಟು ಜಿಎಸ್‌ಟಿ ಇದೆ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ ಹೂಡುವಳಿ ತೆರಿಗೆಯ ಜಮೆಗೆ ತೊಡಕಾಗುತ್ತದೆ. ಹೊರದೇಶದ ಸಂಸ್ಥೆಯಿಂದ ನೇರವಾಗಿ ಡೊಮೇನ್ ಅಥವಾ ಸರ್ವರ್ ಜಾಗ ಪಡೆದ ನೋಂದಾಯಿತ ವ್ಯಾಪಾರಿಯು ರಿವರ್ಸ್ ಚಾರ್ಜ್ ಕ್ರಮದಲ್ಲಿ ತಾನೇ ತೆರಿಗೆ ಕಟ್ಟಬೇಕಾಗುತ್ತದೆ. ಮೊತ್ತ ಚಿಕ್ಕದೆಂದು ಇದನ್ನು ಬಿಡುವವರೇ ಹೆಚ್ಚು. ವಾರ್ಷಿಕ ಬಾಡಿಗೆ ಮತ್ತು ನವೀಕರಣ ಆಯಾ ವರ್ಷದ ಖರ್ಚು. ತಾಣ ನಿರ್ಮಾಣದ ದೊಡ್ಡ ವೆಚ್ಚವನ್ನು ಆಸ್ತಿಯೆಂದು ತೋರಿಸಬೇಕೇ ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರೊಡನೆ ಚರ್ಚಿಸಿ ನಿರ್ಧರಿಸುವುದು ಒಳಿತು.

ಕೊನೆಯ ಮಾತು

ಜಾಲತಾಣವಿರುವ ಪ್ರತಿಯೊಬ್ಬ ವ್ಯಾಪಾರಿಯೂ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದು ಸಂಸ್ಥೆಯ ಕಡತದಲ್ಲಿಡಬೇಕು.

1. ಡೊಮೇನ್ ಹೆಸರು ಯಾರ ಹೆಸರಿನಲ್ಲಿದೆ? ಅದರ ಅವಧಿ ಎಂದಿಗೆ ಮುಗಿಯುತ್ತದೆ?

2. ನವೀಕರಣದ ಸೂಚನೆ ಯಾರ ಇ-ಮೇಲಿಗೆ ಬರುತ್ತದೆ?

3. ಪಾಸ್‌ವರ್ಡುಗಳು ನಮ್ಮ ಬಳಿ ಇವೆಯೇ? ತಾಣದ ಪೂರ್ಣ ಪ್ರತಿ ಇದೆಯೇ?

4. ವಿನ್ಯಾಸದ ಹಕ್ಕು ವರ್ಗಾವಣೆಯ ಲಿಖಿತ ಕರಾರು ಆಗಿದೆಯೇ?

5. ನಮ್ಮ ಸರಕನ್ನು ಕಾಣದ ಖರೀದಿದಾರನು ಕೇಳುವ ಮೊದಲ ಐದು ಪ್ರಶ್ನೆಗಳಿಗೆ ಪುಟದಲ್ಲಿ ಉತ್ತರವಿದೆಯೇ?

ಮೊದಲ ನಾಲ್ಕು ವ್ಯಾಪಾರಸ್ಥನೇ ನೋಡಿಕೊಳ್ಳಬೇಕಾದವು. ಐದನೆಯದು ವಿನ್ಯಾಸಕಾರನೊಡನೆ ಕುಳಿತು ಮಾಡುವ ಕೆಲಸ. ಬಣ್ಣದ ಆಯ್ಕೆಯನ್ನು ಅವನ ಅಭಿರುಚಿಗೇ ಬಿಡಬಹುದು. ನಮ್ಮ ಬೇಳೆ ತಯಾರಕರ ಹೊಸ ತಾಣ ಹಿಂದಿನದರಷ್ಟು ಆಕರ್ಷಕವಾಗಿಲ್ಲ ಎಂದು ಅವರ ಮಗನೇ ಹೇಳುತ್ತಾನೆ. ಅದರ ನೋಂದಣಿ ಪತ್ರ ಮಾತ್ರ ಗಿರಣಿಯ ಕಾಗದಪತ್ರಗಳ ಜೊತೆ ಕಪಾಟಿನಲ್ಲಿದೆ. ಪ್ರತಿವರ್ಷ ತಪಾಸಣೆಯ ಸಮಯದಲ್ಲಿ ನಾನು ಅದನ್ನು ಕೇಳಿ ನೋಡುತ್ತೇನೆ.