ಕಂಪ್ಯೂಟರ್ ಕಟ್ಟಿ ಕಲಿತವರು

1956ರಲ್ಲಿ ಇಂಗ್ಲೆಂಡಿನಿಂದ ಕಲ್ಕತ್ತದ ಬಾರಾನಗರಕ್ಕೆ ಒಂದು ಯಂತ್ರ ಬಂದಿಳಿಯಿತು. ಹೆಸರು ಎಚ್‌ಇಸಿ-2ಎಂ. ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರ್ ಅದೇ. ತರಿಸಿದ್ದು ಪಿ.ಸಿ. ಮಹಾಲನೋಬಿಸ್ 1931ರಲ್ಲಿ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆ. ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ದಶಕಗಳ ಕಾಲ ದುಡಿದದ್ದೂ ಅಲ್ಲೇ.

ಹಾಗೆಂದು ಆ ಸಂಸ್ಥೆ ಪರದೇಶದ ಪೆಟ್ಟಿಗೆಗಾಗಿ ಕೈಕಟ್ಟಿ ಕಾದಿರಲಿಲ್ಲ. ಸಮರೇಂದ್ರ ಕುಮಾರ್ ಮಿತ್ರ ಅಲ್ಲಿನ ಪ್ರಯೋಗಾಲಯದಲ್ಲಿ 1953ರ ಹೊತ್ತಿಗೇ ಒಂದು ಅನಲಾಗ್ ಕಂಪ್ಯೂಟರ್ ರೂಪಿಸಿದ್ದರು. ಹತ್ತು ಅಜ್ಞಾತಗಳಿರುವ ಸಮೀಕರಣಗಳನ್ನು ಅದು ಬಿಡಿಸುತ್ತಿತ್ತು. ಇಂದಿನ ಲೆಕ್ಕಕ್ಕೆ ಏನೂ ಅಲ್ಲ. ಕಾಗದ, ಪೆನ್ಸಿಲ್ಲಿನಲ್ಲಿ ಮಾಡಿ ನೋಡಿದವರಿಗೆ ಅದರ ಬೆಲೆ ಗೊತ್ತು.

ಮುಂದಿನ ಹೆಜ್ಜೆಗೆ ಜೊತೆಯಾದದ್ದು ಜಾದವಪುರ ವಿಶ್ವವಿದ್ಯಾಲಯ. ಇದರ ಬೇರು ಸ್ವದೇಶಿ ಚಳವಳಿಯಲ್ಲಿದೆ. 1905ರ ಬಂಗಾಳ ವಿಭಜನೆಯ ಸಿಟ್ಟಿನಲ್ಲಿ ಜನ ಬ್ರಿಟಿಷರ ಬಟ್ಟೆಯನ್ನಷ್ಟೇ ಅಲ್ಲ, ಅವರ ಶಿಕ್ಷಣವನ್ನೂ ಬಹಿಷ್ಕರಿಸಿದರು. ಮರುವರ್ಷವೇ ತಾರಕನಾಥ ಪಾಲಿತರ ನೆರವಿನಿಂದ ಬೆಂಗಾಲ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಅದೇ ಬೆಳೆದು 1955ರಲ್ಲಿ ವಿಶ್ವವಿದ್ಯಾಲಯವಾಯಿತು.

ಎರಡೂ ಸಂಸ್ಥೆಗಳು ಕೂಡಿ 1966ರಲ್ಲಿ ಮುಗಿಸಿದ ಕಂಪ್ಯೂಟರಿಗೆ ಎರಡರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನೂ ಜೋಡಿಸಿ 'ಐಎಸ್‌ಐಜೆಯು' ಎಂದು ಕರೆದರು. ಬಿಸಿಯಾಗಿ ಆಗಾಗ ಸುಟ್ಟುಹೋಗುವ ನಿರ್ವಾತ ಕೊಳವೆಗಳ ಜಾಗದಲ್ಲಿ ಇದರಲ್ಲಿದ್ದದ್ದು ಟ್ರಾನ್ಸಿಸ್ಟರ್‌ಗಳು. ದೇಶದಲ್ಲೇ ರೂಪಿಸಿ ಕಟ್ಟಿದ ಮೊದಲ ಟ್ರಾನ್ಸಿಸ್ಟರ್ ಕಂಪ್ಯೂಟರ್‌ಗಳಲ್ಲಿ ಅದೊಂದು.

ತಡವಾಗಿತ್ತು, ನಿಜ. ಐಬಿಎಂ ಕಂಪನಿ ತನ್ನ ಟ್ರಾನ್ಸಿಸ್ಟರ್ ಯಂತ್ರ 1401 ಅನ್ನು ಹೊರತಂದದ್ದು 1959ರಲ್ಲಿ. ಅದು ಸಾವಿರಾರು ಸಂಖ್ಯೆಯಲ್ಲಿ ಜಗತ್ತಿಗೆ ಹರಡಿತ್ತು. ಐಎಸ್‌ಐಜೆಯು ಪ್ರಯೋಗಾಲಯ ಬಿಟ್ಟು ಕಾರ್ಖಾನೆಯ ಸರಕಾಗಲಿಲ್ಲ. ಬಾಡಿಗೆಗೆ ಸಿಗುವ ಯಂತ್ರವನ್ನು ವರ್ಷಗಟ್ಟಲೆ ಕೂತು ಕಟ್ಟುವುದೇಕೆ ಎಂದು ಖಜಾನೆಯವರು ಕೇಳಿದರೆ ಅದೂ ನ್ಯಾಯವೇ.

ಆದರೆ ಬಾಡಿಗೆಯ ಯಂತ್ರ ನಡೆಸುವುದನ್ನು ಕಲಿಸುತ್ತದೆ, ಕಟ್ಟುವುದನ್ನಲ್ಲ. ಸರ್ಕ್ಯೂಟ್ ಎಲ್ಲಿ ತಪ್ಪಿತು, ಮೆಮೊರಿ ಏಕೆ ಮರೆಯಿತು ಎಂದು ಹುಡುಕುವ ಕೆಲಸ ಕಟ್ಟಿದವರ ಪಾಲಿಗೇ ಬರುವುದು. ಬಡ ದೇಶದ ಎಂಜಿನಿಯರಿಂಗ್ ಶಿಕ್ಷಣಕ್ಕೆ ಈ ಹುಡುಕಾಟ ಪಠ್ಯದಷ್ಟೇ ಮುಖ್ಯ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತಂದು ಅಂಕ ಪಡೆಯುವ ಚಾಳಿ ನಮ್ಮ ಬೆಂಗಳೂರಿನಲ್ಲೂ ಇದೆ. ಕಾಲೇಜುಗಳು ಅದನ್ನು ನಿಲ್ಲಿಸಲಿ. ಓಡದಿದ್ದರೂ ಸರಿ, ವಿದ್ಯಾರ್ಥಿ ತಾನೇ ಕಟ್ಟಿದ ಯಂತ್ರಕ್ಕೆ ಅಂಕ ಕೊಡಲಿ.