ಕರಿ ಕೊಟ್ಟಿಗೆಯಲ್ಲಿ ಕುಣಿದವರು

ತುಂಡು ಬಟ್ಟೆ ಬಿಟ್ಟರೆ ಮೈಮೇಲೆ ಬೇರೇನೂ ಇಲ್ಲದ ಜಟ್ಟಿಯೊಬ್ಬ ತೋಳು ಮಡಚುತ್ತಾನೆ, ಬೆನ್ನು ತಿರುಗಿಸಿ ರಟ್ಟೆ ಉಬ್ಬಿಸುತ್ತಾನೆ. ನೋಡುವಷ್ಟರಲ್ಲಿ ಚಿತ್ರ ಮುಗಿಯುತ್ತದೆ. ಅವನು ಯೂಜೆನ್ ಸ್ಯಾಂಡೋ. ನಮ್ಮ ಅಂಗಡಿಗಳಲ್ಲಿ ಇಂದಿಗೂ ಕೇಳುವ ‘ಸ್ಯಾಂಡೋ ಬನಿಯನ್‌’ಗೆ ಹೆಸರು ಬಂದದ್ದು ಅವನಿಂದಲೇ. ಚಿತ್ರ ತೆಗೆದದ್ದು 1894ರ ಮಾರ್ಚ್‌ನಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಥಾಮಸ್ ಎಡಿಸನ್ ಅವರ ಸ್ಟುಡಿಯೊದಲ್ಲಿ.

ಸ್ಟುಡಿಯೊ ಎಂದರೆ ಡಾಂಬರು ಕಾಗದ ಹೊದಿಸಿದ ಕರಿ ಕೊಟ್ಟಿಗೆ. ಕೈದಿಗಳನ್ನು ಒಯ್ಯುವ ಪೊಲೀಸ್ ಗಾಡಿಯಂತೆ ಕಾಣುತ್ತಿತ್ತೆಂದು ಆ ಗಾಡಿಯ ಅಡ್ಡಹೆಸರೇ ಇದಕ್ಕೂ ಬಂತು: ‘ಬ್ಲ್ಯಾಕ್ ಮರಿಯಾ’. ಚಿತ್ರಕ್ಕೆ ಬಿಸಿಲು ಬೇಕಲ್ಲ! ಚಾವಣಿ ತೆರೆದು, ದುಂಡು ಹಳಿಯ ಮೇಲೆ ಇಡೀ ಕಟ್ಟಡವನ್ನೇ ಸೂರ್ಯನತ್ತ ತಿರುಗಿಸುತ್ತಿದ್ದರು.

ಅಲ್ಲಿಗೆ ಬಂದವರೆಲ್ಲ ಆಟಗಾರರು. ಸ್ಪೇನಿನ ನರ್ತಕಿ ಕಾರ್ಮೆನ್ಸಿಟಾ, ಗಾಜಿನ ಗುಂಡುಗಳನ್ನು ಗುರಿಯಿಟ್ಟು ಒಡೆಯುವ ಆ್ಯನಿ ಓಕ್ಲಿ, ಕೈಗವಸು ತೊಟ್ಟು ಗುದ್ದಾಡುವ ಬೆಕ್ಕುಗಳು. ತಂತಿಯ ಮೇಲೆ ಜಿಗಿಯುವ ಕೈಸೆಡೊನನ್ನು ಮಾತ್ರ ಬಯಲಿನಲ್ಲಿ ಚಿತ್ರಿಸಿದರು. ಚಿತ್ರದ ಸುರುಳಿ ಓಡುತ್ತಿದ್ದದ್ದು ಹೆಚ್ಚೆಂದರೆ ಅರ್ಧ ನಿಮಿಷದ ಆಸುಪಾಸು. ಅಷ್ಟರಲ್ಲಿ ಕಣ್ಣು ಕೀಳದಂತೆ ಮಾಡುವ ವಿದ್ಯೆ ಸರ್ಕಸ್ಸು, ವೆರೈಟಿ ರಂಗದವರಿಗೆ ಕರಗತವಾಗಿತ್ತು. ಸಿನಿಮಾ ಅವರನ್ನು ಬೆಳೆಸಿತು ಎನ್ನುತ್ತಾರೆ. ಅವರೇ ಸಿನಿಮಾವನ್ನು ಸಾಕಿದರು ಎನ್ನುವುದು ಸರಿ.

ಅದೇ ವರ್ಷ ಏಪ್ರಿಲ್ 14ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಇಂಥ ಚಿತ್ರಗಳ 10 ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟರು. ಐದು ನೋಡಲು 25 ಸೆಂಟ್. ಒಬ್ಬೊಬ್ಬರೇ ಬಾಗಿ ಕಿಂಡಿಗೆ ಕಣ್ಣಿಡಬೇಕು. ಜಾತ್ರೆಯಲ್ಲಿ ಬಯಾಸ್ಕೋಪ್ ಪೆಟ್ಟಿಗೆಯ ಮುಂದೆ ಬಗ್ಗಿದವರಿಗೆ ಆ ಸುಖ ಗೊತ್ತು.

ಆದರೆ ಒಂದು ಚಿತ್ರದ ಮುಂದೆ ಸುಖ ನಿಲ್ಲುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಬಫಲೊ ಬಿಲ್‌ನ ಪ್ರದರ್ಶನ ತಂಡದ ಲಕೋಟಾ ಮೂಲನಿವಾಸಿಗಳು ಇದೇ ಕೊಟ್ಟಿಗೆಗೆ ಬಂದು ಇಕ್ಕಟ್ಟಿನ ವೇದಿಕೆಯಲ್ಲಿ ಸುತ್ತು ಹಾಕಿ ಕುಣಿದರು. ಚಿತ್ರಕ್ಕೆ ಇಟ್ಟ ಹೆಸರು ‘ಸೂ ಘೋಸ್ಟ್ ಡ್ಯಾನ್ಸ್’. 1890ರಲ್ಲಿ ಆ ಹೆಸರಿನ ಆರಾಧನೆಗೇ ಹೆದರಿ ಸರ್ಕಾರ ಸೈನ್ಯ ಕಳಿಸಿತ್ತು. ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಹೆಂಗಸರು, ಮಕ್ಕಳೆನ್ನದೆ ನೂರಾರು ಲಕೋಟಾ ಜನರನ್ನು ಕೊಂದಿತ್ತು. ನಾಲ್ಕು ವರ್ಷವೂ ತುಂಬಿರಲಿಲ್ಲ, ಅದೇ ಹೆಸರು ಕಾಸಿಗೆ ನೋಡುವ ಆಟವಾಯಿತು.

ಈ ಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಸದ್ದಿಲ್ಲ, ಬಣ್ಣವಿಲ್ಲ. ಸಿನಿಮಾದ ಬಾಲ್ಯ ಹೇಗಿತ್ತೆಂದು ತಿಳಿಯಲಷ್ಟೇ ನೋಡಬೇಡಿ. ಆ ಆಟಗಾರರಿಗಾಗಿ ನೋಡಿ.